ಒಂದೇ ಥರದ ಕಾರಿನ ಅಪರಿಚಿತರು: ಕೈ ಎತ್ತುದು ಯಾಕೆ, ಯಾವಾಗ, ಹೇಗೆ

ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಮುಂದಿನ ಸೀಟು ಸಿಕ್ಕಿದವರು ಇದನ್ನು ನೋಡಿರ್ತೀರಿ. ಎದುರಿಂದ ಇನ್ನೊಂದು ಬಸ್ ಬಂತು ಅಂದ್ರೆ ನಮ್ಮ ಡ್ರೈವರಣ್ಣ ಸ್ಟೇರಿಂಗಿಂದ ಒಂದು ಕೈ ಎತ್ತಿ ಇಳಿಸ್ತಾರೆ, ಆಚೆಯವರೂ ಎತ್ತುತ್ತಾರೆ, ಇಬ್ಬರ ಮುಖದಲ್ಲೂ ನಗು ಗಿಗು ಎಂತದೂ ಇಲ್ಲ, ಬೇರೆ ಬೇರೆ ಕಂಪೆನಿಯ ಬಸ್ಸಾದ್ರೂ ಟೈಮಿಂಗ್ ವಿಷಯದಲ್ಲಿ ನಿನ್ನೆ ತಾನೆ ಜಗಳ ಆಗಿದ್ರೂ ಕೈ ಮಾತ್ರ ಏಳ್ತದೆ. ಲಾರಿಯವರಲ್ಲೂ ಇದುಂಟು. ಇದನ್ನು ಮೊದಲೇ ಯಾಕೆ ಹೇಳಿದ್ದು ಅಂದ್ರೆ, ಸ್ಪೋರ್ಟ್ಸ್ ಕಾರಿನವರು ರೋಡಲ್ಲಿ ಒಬ್ಬರಿಗೊಬ್ಬರು ಕೈ ಎತ್ತುದು ಕಂಡ್ರೆ ನಮ್ಮವರಲ್ಲಿ ಸುಮಾರು ಜನ "ಇದೆಲ್ಲ ಅಮೆರಿಕದವರ ಶೋಕಿ ಮಾರಾಯ್ರೆ" ಅಂತ ಬದಿಗೆ ತಳ್ತಾರೆ. ಅಷ್ಟು ಸುಲಭ ಇಲ್ಲ ವಿಷಯ.

ನಾನು ಓಡಿಸುದು ಫೋರ್ಡ್ ಮಸ್ಟಾಂಗ್. ಸೆಕೆಂಡ್ ಹ್ಯಾಂಡ್, ಲೋನ್ ಇನ್ನೂ ಉಂಟು, ಹಾಗಾಗಿ ದೌಲತ್ತು ತೋರಿಸ್ಲಿಕ್ಕೆ ಬರೀತಿದ್ದಾನೆ ಅಂತ ಗ್ರಹಿಸ್ಬೇಡಿ. ಕಟ್ಟಾ ಕಾರುಪ್ರೇಮಿಗಳು "ಅದು ಸ್ಪೋರ್ಟ್ಸ್ ಕಾರೇ ಅಲ್ಲ, ಪೋನಿ ಕಾರು" (ಮಸ್ಟಾಂಗಿಂದಲೇ ಹೆಸರು ಬಂದ, ನೋಡ್ಲಿಕ್ಕೆ ಸ್ಪೋರ್ಟಿಯಾದ ಅಮೆರಿಕನ್ ಕಾರುಗಳ ಜಾತಿ) ಅಂತ ವಾದ ಮಾಡ್ತಾರೆ, ಮಾಡ್ಲಿ, ಎರಡು ಬಾಗಿಲು, ಐದು ಲೀಟರಿನ ವಿ8 ಇಂಜಿನ್, ಹಿಂದಿನ ಸೀಟಲ್ಲಿ ಮಕ್ಕಳು ಬಿಟ್ರೆ ಬೇರೆ ಯಾರೂ ಕೂರ್ಲಿಕ್ಕಾಗುದಿಲ್ಲ, ನಮ್ಮ ಊರಿಗೆ ಅಷ್ಟಾದ್ರೆ ಸ್ಪೋರ್ಟ್ಸ್ ಕಾರೇ. ಇದರಲ್ಲಿ ನನ್ನ ಜೊತೆ ಬಂದ ಎಲ್ಲರೂ ಒಂದಲ್ಲ ಒಂದು ದಿನ ಕೇಳಿದ ಪ್ರಶ್ನೆ: ಎದುರಿಂದ ಇನ್ನೊಂದು ಮಸ್ಟಾಂಗ್ ಬಂತು, ನೀವಿಬ್ಬರೂ ಕೈ ಎತ್ತಿದ್ರಿ, ಅವನ ಗುರ್ತ ಉಂಟಾ? ಇಲ್ಲ. ಮತ್ತೆ ಯಾಕೆ ಎತ್ತಿದ್ದು? ಈ "ಮತ್ತೆ ಯಾಕೆ"ಗೆ ಕಾರಲ್ಲಿ ಕೂತು ಸರಿಯಾಗಿ ಉತ್ತರ ಕೊಡ್ಲಿಕ್ಕೆ ಪುರುಸೊತ್ತಾಗುದಿಲ್ಲ, ಅದಕ್ಕೇ ಇದು.

ಸ್ವಲ್ಪ ಹಿಂದಿಂದ ಶುರು ಮಾಡುವ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಲ್ಲಿ ಇದ್ದ ಅಮೆರಿಕದ ಸೈನಿಕರು ಅಲ್ಲಿಯ ಎಂಜಿ ಅನ್ನುವ ಸಣ್ಣ ಓಪನ್ ಕಾರುಗಳ ರುಚಿ ಹತ್ತಿಸ್ಕೊಂಡು ಊರಿಗೆ ಮರಳಿದ್ರು, ಕೆಲವರು ಕಾರನ್ನೇ ತಕ್ಕೊಂಡು ಹೋದ್ರು. ದೊಡ್ಡ ದೊಡ್ಡ ಸೆಡಾನುಗಳ ಮಧ್ಯೆ ಆ ಪುಟ್ಟ ಕಾರು ಓಡಿಸುವವನಿಗೆ ಎದುರಿಂದ ಅಂಥದ್ದೇ ಇನ್ನೊಂದು ಬಂದ್ರೆ ಖುಷಿ ಆಗದೆ ಇರ್ತದಾ, ಕೈ ಎತ್ತಿದ. ಪೋರ್ಷೆ 356ರವರು ಹೆಡ್‌ಲೈಟ್ ಮಿಣುಕಿಸ್ತಿದ್ರು. 1953ರಲ್ಲಿ ಶೆವರ್ಲೆ ಕಾರ್ವೆಟ್ ಬಂತು, ಮೊದಲ ವರ್ಷ ಮಾಡಿದ್ದು ಬರೀ 300 ಕಾರು, ಎಲ್ಲ ಬಿಳಿ ಬಣ್ಣ, ಒಳಗೆ ಕೆಂಪು. ಅಷ್ಟು ದೊಡ್ಡ ದೇಶದಲ್ಲಿ 300 ಕಾರು ಅಂದ್ರೆ ಒಂದಕ್ಕೊಂದು ಸಿಗುದೇ ಅಪರೂಪ, ಸಿಕ್ಕಿದ್ರೆ ಕೈ ಎತ್ತದೆ ಹೋಗುದು ಹೇಗೆ? ಕಾರ್ವೆಟ್‌ನವರು ಇವತ್ತಿಗೂ ಇದಕ್ಕೆ ಹೆಸರುವಾಸಿ. ಅವರಲ್ಲಿ ಹೊಸ ಮಾಡೆಲಿನವನು ಹಳೇ ಮಾಡೆಲಿನವನಿಗೆ ಮೊದಲು ಕೈ ಎತ್ಬೇಕು ಅಂತ ಒಂದು ಹೇಳಿಕೆ ಕೂಡ ಉಂಟು, ನಮ್ಮಲ್ಲಿ ಕಿರಿಯರು ಹಿರಿಯರಿಗೆ ಮೊದಲು ನಮಸ್ಕಾರ ಹೇಳುದಿಲ್ವಾ, ಅದೇ ಲೆಕ್ಕ. ಮಜ್ದಾ ಎಂಎಕ್ಸ್-5 ಅಂತ ಒಂದು ಕಾರುಂಟು, 1989ರಲ್ಲಿ ಶಿಕಾಗೋದಲ್ಲಿ ತೋರಿಸಿದ್ದು, ಹತ್ತು ಲಕ್ಷಕ್ಕಿಂತ ಜಾಸ್ತಿ ಮಾಡಿದ್ದಾರೆ, ನಮ್ಮ ದೇಶಕ್ಕೆ ಕಂಪೆನಿಯವರು ಅದನ್ನು ತರ್ಲೇ ಇಲ್ಲ, ನನ್ನ ಹೊಟ್ಟೆಕಿಚ್ಚಿನ ಕಾರು ಅದು. ಅದರ ಮೊದಲ ತಲೆಮಾರಿನದ್ದರಲ್ಲಿ ಹೆಡ್‌ಲೈಟ್ ಬಾನೆಟ್ಟಿನ ಒಳಗೆ ಮಲಗಿರ್ತದೆ, ಸ್ವಿಚ್ ಒತ್ತಿದ್ರೆ ಏಳ್ತದೆ. ಆ ಕಾರಿನವರು ಎದುರಾದಾಗ ಲೈಟನ್ನೇ ಎಬ್ಬಿಸಿ ಮಲಗಿಸ್ತಾರೆ, ಕಾರೇ ಕಣ್ಣು ಹೊಡೆದ ಹಾಗೆ ಕಾಣ್ತದೆ.

ಈಗ ಮಸ್ಟಾಂಗಿನ ಕಥೆ ನೋಡಿ, ಸ್ವಲ್ಪ ತಮಾಷೆ ಉಂಟು. 1964ರ ಏಪ್ರಿಲ್ 17ಕ್ಕೆ ನ್ಯೂಯಾರ್ಕಿನ ವರ್ಲ್ಡ್ಸ್ ಫೇರಲ್ಲಿ ಬಿಟ್ಟದ್ದು, ಒಂದು ವರ್ಷದಲ್ಲಿ ನಾಲ್ಕು ಲಕ್ಷದ ಮೇಲೆ ಹೋಯ್ತು, 2018ರ ಆಗಸ್ಟಿಗೆ ಒಂದು ಕೋಟಿಯದ್ದು ಹೊರಗೆ ಬಂತು. ಅಷ್ಟು ಕಾರಿರುವಲ್ಲಿ ಎಲ್ಲರಿಗೂ ಕೈ ಎತ್ತುತ್ತಾ ಕೂತ್ರೆ ಸ್ಟೇರಿಂಗ್ ಹಿಡಿಯುದು ಯಾವಾಗ? ಹಾಗಾಗಿ ಅಮೆರಿಕದಲ್ಲಿ ಕಾರ್ವೆಟ್‌ನವರದ್ದು, ಜೀಪಿನವರದ್ದು ಹೆಸರಾದಷ್ಟು ಮಸ್ಟಾಂಗಿನವರ ಕೈ ಎತ್ತುದು ಹೆಸರಾಗ್ಲಿಲ್ಲ. ಅದೇ ಕಾರು ನಮ್ಮಲ್ಲಿ ಬೇರೆ ಪ್ರಾಣಿ. ಆರನೇ ತಲೆಮಾರಿನವರೆಗೆ ಫ್ಯಾಕ್ಟರಿಯಿಂದ ರೈಟ್ ಹ್ಯಾಂಡ್ ಡ್ರೈವ್ ಮಾಡ್ತಾನೇ ಇರ್ಲಿಲ್ಲ, ಮಾಡ್ಲಿಕ್ಕೆ ಶುರು ಮಾಡಿದ ಮೇಲೆ 2016ರ ಜುಲೈಯಲ್ಲಿ ಭಾರತಕ್ಕೆ ಬಂತು, ಎಕ್ಸ್ ಶೋರೂಮ್ 65 ಲಕ್ಷ. ಇಡೀ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಎದುರಾಎದುರು ಸಿಗುದು ಯಾವಾಗಾದ್ರೂ ಒಮ್ಮೆ. ಹುಟ್ಟಿದ ಊರಲ್ಲಿ ಸಾಮಾನ್ಯ, ಇಲ್ಲಿ ಅಪರೂಪ, ಅದಕ್ಕೇ ಕೈ ತನ್ನಷ್ಟಕ್ಕೆ ಏಳುದು.

ಉಲ್ಟಾ ಉದಾಹರಣೆ ಬೇಕಾ? ಮಹೀಂದ್ರ ಥಾರ್. 2020ರ ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಂತಲ್ಲ, ಶುರುವಿನಲ್ಲಿ ಥಾರಿನವರು ಒಬ್ಬರಿಗೊಬ್ಬರು ಭಾರೀ ಉತ್ಸಾಹದಲ್ಲಿ ಕೈ ಎತ್ತುತ್ತಿದ್ರು. ಈಗ ಸುರತ್ಕಲ್ಲಿಂದ ಉಡುಪಿವರೆಗೆ ಎದುರು ಬರುವ ಥಾರಿಗೆಲ್ಲ ಕೈ ಎತ್ತಿದ್ರೆ ಕೈ ಇಳಿಸ್ಲಿಕ್ಕೆ ಪುರುಸೊತ್ತಿಲ್ಲ. ನಿಂತು ಹೋಯ್ತು. ಯಾರೂ ಅಹಂಕಾರದಲ್ಲಿ ನಿಲ್ಸಿದ್ದಲ್ಲ, ಕಾರು ಜಾಸ್ತಿ ಆಯ್ತು ಅಷ್ಟೆ.

ಇನ್ನು ಹೇಗೆ ಎತ್ತುದು ಅಂತ. ಇದು ಸಣ್ಣ ವಿಷಯ ಅಂತ ಕಾಣ್ತದೆ ಆದ್ರೆ ಲೆಕ್ಕ ಹಾಕಿ ನೋಡಿ. ನ್ಯಾಷನಲ್ ಹೈವೇ 66ರಲ್ಲಿ ನೀವು 80ರಲ್ಲಿ, ಅವನು 80ರಲ್ಲಿ, ಒಟ್ಟಿಗೆ 160, ಅಂದ್ರೆ ಸೆಕೆಂಡಿಗೆ 44 ಮೀಟರ್. ನೂರು ಮೀಟರ್ ದೂರದಲ್ಲಿ ಇದು ನಮ್ಮದೇ ಕಾರು ಅಂತ ಗೊತ್ತಾದ್ರೆ ಉಳಿಯುದು ಎರಡೂಕಾಲು ಸೆಕೆಂಡ್, ಅದರಲ್ಲೂ ಮಧ್ಯೆ ಡಿವೈಡರಿನ ಗಿಡಗಳು. ಕಾರ್ಕಳ-ಮೂಡುಬಿದಿರೆಯಂಥ ರೋಡಲ್ಲಿ 50ರಲ್ಲಿ ಎದುರಾದ್ರೆ ಮೂರೂವರೆ ಸೆಕೆಂಡ್ ಸಿಗ್ತದೆ, ಮಧ್ಯೆ ಏನೂ ಅಡ್ಡ ಇಲ್ಲ, ನಾವು ಎಡಗಡೆ ಹೋಗುವವರು ಬಲಗಡೆ ಕೂತು ಓಡಿಸುವವರು ಆದ್ದರಿಂದ ಎರಡೂ ಡ್ರೈವರುಗಳು ರೋಡಿನ ನಡುಗೆರೆ ಬದಿಗೇ ಇರ್ತಾರೆ, ಮುಖ ಕಾಣ್ತದೆ. ಅದಕ್ಕೇ ಈ ಪರಿಚಯ ಇಲ್ಲದ ಪರಿಚಯ ಹೈವೇಗಿಂತ ಒಳರೋಡಲ್ಲಿ, ಘಾಟಿಯಲ್ಲಿ ಜಾಸ್ತಿ.

ಇಷ್ಟು ಸ್ವಲ್ಪ ಹೊತ್ತಲ್ಲಿ ಕಿಟಕಿ ಇಳಿಸಿ ಟಾಟಾ ಮಾಡುದೆಲ್ಲ ಆಗುವ ಮಾತಲ್ಲ. ಪಳಗಿದವರು ಮಾಡುದು ಇಷ್ಟೇ: ಸ್ಟೇರಿಂಗಿನ ಮೇಲ್ಗಡೆ ಹಿಡಿದ ಕೈಯ ಅಂಗೈ ಅಲ್ಲೇ ಇರ್ತದೆ, ನಾಲ್ಕು ಬೆರಳು ಮಾತ್ರ ಎದ್ದು ಮುಂದಿನ ಗ್ಲಾಸಲ್ಲಿ ಕಾಣ್ತದೆ, ಮತ್ತೆ ಇಳೀತದೆ. ಪಕ್ಕದ ಗ್ಲಾಸಿಂದ ಮಾಡಿದ್ರೆ ಎದುರಿನವನಿಗೆ ಕಾಣುದಿಲ್ಲ, ಮಳೆಗಾಲದಲ್ಲಂತೂ ಆವಿ ಹಿಡಿದಿರ್ತದೆ. ಮುಂದಿನ ಗ್ಲಾಸಿಗೆ ಶೇಕಡಾ 70 ಬೆಳಕು ಒಳಗೆ ಬರ್ಲೇಬೇಕು ಅಂತ ಕಾನೂನು ಉಂಟು, ಪಕ್ಕದ್ದಕ್ಕೆ 50 ಸಾಕು, ಹಾಗಾಗಿ ಮುಂದೆ ತೋರಿಸಿದ್ದೇ ಲಾಭ. ಬುಲೆಟ್ಟಿನವರ ಕಷ್ಟ ಇನ್ನೂ ಬೇರೆ, ಅವರಿಗೆ ಎದುರು ಬರುವವ ಬಲಬದಿಯಲ್ಲಿ, ಬಲಗೈಯಲ್ಲೇ ಎಕ್ಸಿಲರೇಟರ್, ಬಿಡ್ಲಿಕ್ಕಾಗುದಿಲ್ಲ, ಹಾಗಾಗಿ ಒಂದೋ ಎಡಗೈ ಎತ್ತುದು ಇಲ್ಲ ಹೆಲ್ಮೆಟ್ ಅಲ್ಲಾಡಿಸುದು. ಬ್ರಿಟನ್ನಿನ ಬೈಕಿನವರೂ ಅದೇ ಕಾರಣಕ್ಕೆ ತಲೆ ಅಲ್ಲಾಡಿಸುದು.

ಲೈಟ್ ಹಾಕಿದ್ರೆ ಆಗುದಿಲ್ವಾ ಅಂತ ಕೇಳ್ತೀರಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರಲ್ಲಿ ಬೇಡವೇ ಬೇಡ. ಇಂಗ್ಲೆಂಡಲ್ಲಿ ಎದುರಿನವ ಲೈಟ್ ಮಿಣುಕಿಸಿದ್ರೆ "ನೀವು ಮೊದಲು ಹೋಗಿ" ಅಂತ ಸಾಧಾರಣ ಅರ್ಥ, ನಮ್ಮಲ್ಲಿ ಅದೇ ಲೈಟಿಗೆ "ನಾನು ಬರ್ತಿದ್ದೇನೆ, ನೀನು ನಿಲ್ಲು" ಅಂತ. ಇಲ್ಲದಿದ್ರೆ ಮುಂದೆ ಪೊಲೀಸರಿದ್ದಾರೆ ಅಂತ. ಇಲ್ಲದಿದ್ರೆ ನಿನ್ನ ಡಿಕ್ಕಿ ತೆರೆದುಂಟು ಅಂತ. ಪಡುಬಿದ್ರೆ ಹತ್ರ ಯಾರಾದ್ರೂ ಯು ಟರ್ನ್ ತೆಗೆಯುವಾಗ ನೀವು ಆಚೆಯ ಮಸ್ಟಾಂಗಿಗೆ ಅಂತ ಲೈಟ್ ಹಾಕಿದ್ರೆ, ಮಧ್ಯೆ ಇರುವ ರಿಕ್ಷಾದವ ಅದನ್ನು ತನಗೆ ಅಂತ ಗ್ರಹಿಸಿ ಏನು ಬೇಕಾದ್ರೂ ಮಾಡ್ಬಹುದು. ಬೆರಳು ಎತ್ತಿದ್ರೆ ಮೂರನೆಯವನಿಗೆ ತೊಂದರೆ ಇಲ್ಲ.

ಆಗಾಗ ಕಾಸರಗೋಡು ಕಡೆಯಿಂದ ತಲಪಾಡಿ ದಾಟಿ ಗಲ್ಫ್ ನಂಬರಿನ ಕಾರು ಬರ್ತದೆ, ಕಾರ್ನೆ ಅನ್ನುವ ಕಸ್ಟಮ್ಸ್ ಕಾಗದದಲ್ಲಿ ಕೆಲವು ತಿಂಗಳ ಮಟ್ಟಿಗೆ ಹಡಗಲ್ಲಿ ತಂದದ್ದು. ಅದು ಲೆಫ್ಟ್ ಹ್ಯಾಂಡ್ ಡ್ರೈವ್. ನೀವು ಅಭ್ಯಾಸದಲ್ಲಿ ಬಲಬದಿಗೆ ನೋಡಿ ಕೈ ಎತ್ತಿದ್ರೆ ಅಲ್ಲಿ ಅವರ ಹೆಂಡತಿಯೋ ಮಾವನೋ ಕೂತಿರ್ತಾರೆ, ಅವರಿಗೆ ಇದು ಯಾರಪ್ಪ ಅಂತ ಗಾಬರಿ. ತಪ್ಪು ಯಾರದ್ದೂ ಅಲ್ಲ.

ಇಷ್ಟರವರೆಗೆ ಹೇಳಿದ್ದು ಸುಲಭದ್ದು. ಕಾರು ನಿಲ್ಲಿಸಿ ಇಳಿದ ಮೇಲೆ ಎಂತ ಮಾಡುದು ಅನ್ನುದರಲ್ಲಿ ನಿಜವಾದ ಮರ್ಯಾದೆಯ ಪ್ರಶ್ನೆ ಬರುದು, ಮತ್ತು ಅಲ್ಲಿ ಇರುವ ಎಲ್ಲ ಕಟ್ಟುಪಾಡುಗಳ ಬುಡಕ್ಕೆ ಹೋಗಿ ನೋಡಿದ್ರೆ ಇರುದು ಒಂದೇ ಸಂಗತಿ ಅಂತ ನನಗೆ ಕಾಣುದು: ಎದುರಿನವನನ್ನು ಪರೀಕ್ಷೆಗೆ ಹಾಕ್ಬಾರ್ದು. ಕೈ ಎತ್ತುದರಲ್ಲಿ ಚಂದ ಇರುದೇ ಅದು ಏನನ್ನೂ ಕೇಳುದಿಲ್ಲ ಅನ್ನುದರಲ್ಲಿ. ನಿನ್ನ ಹತ್ರವೂ ಇದೇ ಉಂಟು, ನನ್ನ ಹತ್ರವೂ ಇದೇ ಉಂಟು, ಆಯ್ತು, ಹೋಗು. ಯಾವಾಗ ಅದಕ್ಕೊಂದು ಪ್ರಶ್ನೆ ಸೇರ್ತದೋ ಆಗ ಗೆಳೆತನ ಹೋಗಿ ಇಂಟರ್ವ್ಯೂ ಆಗ್ತದೆ.

ಮೊದಲ ಪರೀಕ್ಷೆ ರೇಸ್. ನಂತೂರು ಸರ್ಕಲ್ಲಲ್ಲೋ ಕೆಪಿಟಿ ಹತ್ರವೋ ಒಂದೇ ಥರದ ಎರಡು ಕಾರು ಪಕ್ಕ ಪಕ್ಕ ನಿಂತವು ಅಂದ್ರೆ ಸುತ್ತಲಿನ ಸ್ಕೂಟರಿನವರು ಮೊಬೈಲ್ ತೆಗೆದು ಕಾಯ್ತಾರೆ, ಈಗ ಎಂತದೋ ಆಗ್ತದೆ ಅಂತ. ಆಗ ಒಬ್ಬ ಬ್ರೂಂ ಅಂತ ಇಂಜಿನ್ ಏರಿಸಿದ್ರೆ ಇನ್ನೊಬ್ಬನಿಗೆ ಎರಡೇ ದಾರಿ, ಒಂದೋ ಅವನೂ ಏರಿಸ್ಬೇಕು ಇಲ್ಲ ಸೋತವನ ಹಾಗೆ ಕೂರ್ಬೇಕು. ಇದು ಅನ್ಯಾಯ. ಹೈವೇಯಲ್ಲಿ ಕಾರಿಗೆ 100ರ ಮಿತಿ ಉಂಟು, ಪೇಟೆಯೊಳಗೆ ಇನ್ನೂ ಕಡಿಮೆ, ಮತ್ತೆ ನಮ್ಮ ಹೈವೇಯಲ್ಲಿ ಎಲ್ಲಿಂದ ದನ ಬರ್ತದೆ ಎಲ್ಲಿಂದ ರಾಂಗ್ ಸೈಡಲ್ಲಿ ಮೀನಿನ ಗಾಡಿ ಬರ್ತದೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಸಿಗ್ನಲಲ್ಲಿ ಪಕ್ಕ ನಿಂತ್ರೆ ಒಂದು ಸಲ ನೋಡಿ, ತಲೆ ಅಲ್ಲಾಡಿಸಿ, ಹಸಿರು ಬಿದ್ದ ಮೇಲೆ ಅವನನ್ನು ಮೊದಲು ಹೋಗ್ಲಿಕ್ಕೆ ಬಿಡಿ. ಕೇಳುವವನಿಗೂ ಎಕ್ಸಾಸ್ಟಿನ ಶಬ್ದ ಹಿಂದಿಂದ ಕೇಳಿದ್ರೇನೇ ಚಂದ, ಓಡಿಸುವವನಿಗೆ ತನ್ನ ಕಾರು ಹೊರಗೆ ಹೇಗೆ ಕೇಳ್ತದೆ ಅಂತ ಯಾವತ್ತೂ ಗೊತ್ತಾಗುದಿಲ್ಲ, ಹಾಗಾಗಿ ಹಿಂದೆ ಉಳಿದವನಿಗೆ ಲಾಭವೇ.

ಎರಡನೇದು ಹಣ. ಎಷ್ಟಕ್ಕೆ ತಕ್ಕೊಂಡ್ರಿ ಅಂತ ಸಂಬಂಧಿಕರು ಕೇಳ್ಲಿ, ಪೆಟ್ರೋಲ್ ಬಂಕಿನವರು ಕೇಳ್ಲಿ, ಮೈಲೇಜ್ ಎಷ್ಟು ಅಂತ ಊರೇ ಕೇಳ್ಲಿ, ಅದೇ ಕಾರಿನವನು ಕೇಳ್ಬಾರ್ದು. ಅವನಿಗೆ ಮೈಲೇಜ್ ಗೊತ್ತುಂಟು, ನೋವೂ ಗೊತ್ತುಂಟು. ನಂಬರ್ ಪ್ಲೇಟ್ ನೋಡಿ ಮಾತಾಡುದೂ ಇದೇ ಜಾತಿಯದ್ದು. ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇಕಡಾ 18, ಮೇಲಿಂದ ಸೆಸ್, 65 ಲಕ್ಷದ ಕಾರಿಗೆ ಟ್ಯಾಕ್ಸೇ 11 ಲಕ್ಷ 70 ಸಾವಿರ ಆಯ್ತು, ಅದರಲ್ಲಿ ಒಂದು ಒಳ್ಳೇ ಕಾರು ಬರ್ತದೆ. ಹಾಗಾಗಿ ಟ್ಯಾಕ್ಸ್ ಕಡಿಮೆ ಇರುವ ಪುದುಚೇರಿಯ ಪಿವೈ ನಂಬರಿನ ದುಬಾರಿ ಕಾರುಗಳು ಯಾಕೆ ನಮ್ಮ ಊರಲ್ಲಿ ಕಾಣ್ತವೆ ಅಂತ ಎಲ್ಲರಿಗೂ ಗೊತ್ತು. ಬೇರೆ ರಾಜ್ಯದ ನಂಬರಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಇಲ್ಲಿಯ ರಿಜಿಸ್ಟ್ರೇಶನ್ ಮಾಡಿಸ್ಲೇಬೇಕು ಅಂತಲೂ ಕಾನೂನುಂಟು. ನನಗೆ ಕೇಳಿದ್ರೆ ಟ್ಯಾಕ್ಸ್ ಕಟ್ಟುದೇ ಸರಿ, ಕಟ್ಟಿದ್ದೇನೆ ಕೂಡ, ಆದ್ರೆ ಚಾ ಕುಡೀಲಿಕ್ಕೆ ನಿಂತವನ ಹತ್ರ ಅದನ್ನು ತೆಗೆದು ಹಿಂಸೆ ಕೊಡುದು ಆರ್‌ಟಿಒದವರ ಕೆಲಸ, ನಮ್ಮದಲ್ಲ.

ಮೂರನೇದು ಅಸಲಿ ನಕಲಿ. ಯಾವುದೋ ಹಳೇ ಸೆಡಾನಿಗೆ ಬಾಡಿ ಕಿಟ್ ಹಾಕಿ, ಮುಂದೆ ಮಸ್ಟಾಂಗಿನ ಕುದುರೆಯ ಲಾಂಛನ ಅಂಟಿಸಿ ಬಂದವನಿಗೆ ಕೈ ಎತ್ಬೇಕಾ? ಇದರ ಮೇಲೆ ನಮ್ಮಲ್ಲೇ ಭಾರೀ ಚರ್ಚೆ ಆಗಿದ್ದುಂಟು. ಎತ್ಬೇಕು ಅನ್ನುವ ಪಕ್ಷ ನನ್ನದು. ಅವನು ಅಷ್ಟು ಆಸೆ ಇಟ್ಟು ಗ್ಯಾರೇಜಲ್ಲಿ ಕೂತು ಮಾಡಿಸಿದ್ದಾನೆ, ನಮ್ಮಲ್ಲಿ ಕೆಲವರು ಬರೀ ಚೆಕ್ ಬರೆದಿದ್ದೇವೆ. ಹಾಗೇ ಅಪ್ಪನ ಕಾರು ತಕ್ಕೊಂಡು ಬಂದ ಮಣಿಪಾಲದ ಹುಡುಗ, ಬಾಡಿಗೆಗೆ ತಕ್ಕೊಂಡವ, ಮಾಲೀಕರ ಕಾರನ್ನು ಸರ್ವೀಸಿಗೆ ಕೊಂಡೋಗುವ ಡ್ರೈವರ್, ಇವರಿಗೆಲ್ಲ ಎತ್ಬೇಕು. ಕಾಗದ ಯಾರ ಹೆಸರಲ್ಲಿ ಉಂಟು ಅಂತ ಮುಂದಿನ ಗ್ಲಾಸಲ್ಲಿ ಕಾಣುದಿಲ್ಲ. ಡ್ರೈವರಣ್ಣನಿಗಂತೂ ಎರಡು ಸಲ ಎತ್ತಿ, ಅವರು ನಮಗಿಂತ ಚೆನ್ನಾಗಿ ಓಡಿಸ್ತಾರೆ.

ಹೆಂಗಸರು ಓಡಿಸ್ತಿದ್ರೆ ಬೇರೆ ನಿಯಮ ಎಂತದೂ ಇಲ್ಲ, ಅದೇ ನಾಲ್ಕು ಬೆರಳು, ಅಷ್ಟೇ. ಆದ್ರೆ ಇದನ್ನು ಹೇಳ್ಲೇಬೇಕು ಯಾಕಂದ್ರೆ ಆಗ್ತದೆ: ಯು ಟರ್ನ್ ತೆಗೆದು ಹಿಂದೆ ಹೋಗುದು, ಪಕ್ಕ ಬಂದು ಕಿಟಕಿ ಇಳಿಸಿ ಅಂತ ಸನ್ನೆ ಮಾಡುದು, ಮನೆವರೆಗೆ ಬಂದು "ಸೇಮ್ ಕಾರ್ ಅಲ್ವಾ, ಮಾತಾಡ್ವ ಅಂತ ಬಂದೆ" ಅನ್ನುದು. ಇದು ಗೆಳೆತನ ಅಲ್ಲ, ಬೆನ್ನು ಬೀಳುದು. ಗಂಡಸಿನ ಹಿಂದೆ ಹೋದ್ರೂ ಅಷ್ಟೇ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವಾಗ ಅವರ ನಂಬರ್ ಪ್ಲೇಟ್, ಒಳಗಿದ್ದ ಮಕ್ಕಳ ಮುಖ, ಯಾವ ಅಪಾರ್ಟ್‌ಮೆಂಟಿನ ಕೆಳಗೆ ನಿಂತಿತ್ತು ಅನ್ನುದು, ಇದೆಲ್ಲ ಬೇಡ. ಇಂಥ ಕಾರು ಊರಲ್ಲಿ ಇರುದೇ ಬೆರಳೆಣಿಕೆಯಷ್ಟು, ನಂಬರ್ ಹಾಕಿದ್ರೆ ಮನೆ ವಿಳಾಸ ಕೊಟ್ಟ ಹಾಗೇ.

ಸರಿ, ಪ್ರಶ್ನೆ ಕೇಳ್ಬಾರ್ದು ಅಂದ್ರೆ ಮತ್ತೆ ಮಾತಾಡುದು ಎಂತದ್ದು? ಅಲ್ಲೇ ಇರುದು ಈ ಗೆಳೆತನದ ಇನ್ನೊಂದು ಅರ್ಧ, ಮತ್ತು ನನ್ನ ಪ್ರಕಾರ ದೊಡ್ಡ ಅರ್ಧ. 2021ರ ಸೆಪ್ಟೆಂಬರಲ್ಲಿ ಫೋರ್ಡಿನವರು ಭಾರತದಲ್ಲಿ ಕಾರು ಮಾಡುದು ನಿಲ್ಲಿಸ್ತೇವೆ ಅಂತ ಹೇಳಿದ್ರು. ಅವತ್ತಿಂದ ಈ ಕಾರಿಟ್ಟವರಿಗೆ ಮಾಹಿತಿ ಅಂದ್ರೆ ಇನ್ನೊಬ್ಬ ಕಾರಿನವನೇ. ಯಾವ ಬಿಡಿಭಾಗ ಎಷ್ಟು ವಾರ ತಗೊಳ್ತದೆ, ಯಾವುದನ್ನು ದುಬೈಯಿಂದ ಬರುವ ಭಾವನ ಸೂಟ್‌ಕೇಸಲ್ಲಿ ತರಿಸ್ಬಹುದು, ಯಾವುದು ಸೂಟ್‌ಕೇಸಿಗೆ ಹಿಡಿಯುದಿಲ್ಲ, 19 ಇಂಚಿನ ಟೈರ್ ಎಲ್ಲಿ ಆರ್ಡರ್ ಮಾಡಿದ್ರೆ ಹಳೇ ಸ್ಟಾಕ್ ಕೊಡುದಿಲ್ಲ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ, ಮೊದಲೆರಡು ವಾರ, ಆಮೇಲಿನ ಎರಡು ವರ್ಷ, ಅದನ್ನು ನೋಡದೆ ದುಡ್ಡು ಕೊಡ್ಬೇಡಿ ಅಂತ ನನಗೆ ಮೊದಲು ಹೇಳಿದ್ದು ಗುರ್ತ ಇಲ್ಲದ ಒಬ್ಬರು, ಇಬ್ಬರೂ ಬೈಂದೂರು ಕಡೆ ಒಂದು ಹೋಟೆಲಿನ ಹೊರಗೆ ಕೈ ತೊಳೆಯುವಾಗ. ಹೆಸರು ಇವತ್ತಿಗೂ ಗೊತ್ತಿಲ್ಲ.

ಪೆಟ್ರೋಲಿನದ್ದೂ ಹಾಗೇ. ಅಮೆರಿಕದಲ್ಲಿ 435 ಹಾರ್ಸ್‌ಪವರ್ ಇದ್ದ ಇಂಜಿನ್ ನಮ್ಮಲ್ಲಿಗೆ ಬರುವಾಗ ಇಲ್ಲಿಯ ಪೆಟ್ರೋಲಿಗೆ ತಕ್ಕ ಹಾಗೆ 400ರ ಆಸುಪಾಸಿಗೆ ಇಳಿದಿತ್ತು. ಈಗ ಬಂಕಿಗೆಲ್ಲ ಇ20 ಬಂದ ಮೇಲೆ ಇನ್ನೊಂದು ತಲೆನೋವು, ಇಪ್ಪತ್ತು ಪರ್ಸೆಂಟ್ ಎಥನಾಲ್. ಹಾಗಾಗಿ ಎರಡು ಇಂಥ ಕಾರು ಒಟ್ಟಿಗೆ ನಿಂತಲ್ಲಿ ಮೊದಲ ಮಾತು "ಎಲ್ಲಿ ಹಾಕಿಸುದು ನೀವು?" ಅಂತಲೇ. ಜಾಸ್ತಿ ಆಕ್ಟೇನಿನ ಪೆಟ್ರೋಲ್ ಯಾವ ಬಂಕಲ್ಲಿ ನಿಜವಾಗ್ಲೂ ಇರ್ತದೆ, ಯಾವ ಬಂಕಲ್ಲಿ ಬೋರ್ಡ್ ಮಾತ್ರ ಇರ್ತದೆ ಅನ್ನುದು ಭಾರೀ ಬೆಲೆಯ ಮಾಹಿತಿ. ಮತ್ತೆ ಉಪ್ಪುಗಾಳಿ. ಸಮುದ್ರದ ಬದಿಯಲ್ಲಿ ಮನೆ ಇದ್ರೆ ಅಡಿಭಾಗ ಎಷ್ಟು ಸಲ ತೊಳೀತೀರಿ, ಮಲ್ಪೆ ಬೀಚಿಗೆ ಹೋಗಿ ಬಂದ ಮೇಲೆ ಬ್ರೇಕ್ ಡಿಸ್ಕಲ್ಲಿ ಮರುದಿನ ಬೆಳಿಗ್ಗೆ ಕೇಸರಿ ಬಣ್ಣ ಬರುದು ಸಹಜವಾ, ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಎಲ್ಲಿಂದ ಬಳಸಿ ಹೋಗುದು. ಬೆಂಗಳೂರಿನ ಕಾರಿನವರಿಗೆ ಇದರಲ್ಲಿ ಅರ್ಧಕ್ಕರ್ಧ ಅರ್ಥವೇ ಆಗುದಿಲ್ಲ.

ಹಂಪಿನ ವಿಷಯ ಹೇಳದಿದ್ರೆ ಈ ಲೇಖನಕ್ಕೆ ಮರ್ಯಾದೆ ಇಲ್ಲ. ತಗ್ಗಿನ ಕಾರು ಹಂಪ್ ಹತ್ತುದು ನೇರ ಅಲ್ಲ, ಓರೆಯಾಗಿ, ಒಂದು ಚಕ್ರ ಮೊದಲು ಹತ್ತಿ ಆಮೇಲೆ ಇನ್ನೊಂದು, ಆಗ ಮಧ್ಯದ ಹೊಟ್ಟೆ ತಾಗುದಿಲ್ಲ. ಓರೆ ಮಾಡ್ಬೇಕಾದ್ರೆ ರೋಡಿನ ಅರ್ಧ ಜಾಗ ಬೇಕು, ಹಿಂದಿನವ ಹಾರ್ನ್ ಹೊಡೀತಾನೆ, ಬೈತಾನೆ. ಎದುರಿಂದ ಅದೇ ಕಾರಿನವ ಬರ್ತಿದ್ರೆ ಅವನು ದೂರದಲ್ಲೇ ನಿಂತು ಜಾಗ ಬಿಡ್ತಾನೆ, ಯಾಕಂದ್ರೆ ಆ ಶಬ್ದ, ಕೆಳಗಿನ ಪ್ಲಾಸ್ಟಿಕ್ ಕಾಂಕ್ರೀಟಿಗೆ ಉಜ್ಜುವ ಕರ್ರ್ ಅನ್ನುವ ಶಬ್ದ, ಅವನ ಹೊಟ್ಟೆಯೊಳಗೂ ಉಂಟು. ರಾತ್ರಿ ಬೆಳಗಾಗುವುದರೊಳಗೆ ಎಲ್ಲೋ ಒಂದು ಹೊಸ ಹಂಪ್ ಹುಟ್ಟಿರ್ತದಲ್ಲ, ಪೇಂಟೂ ಇಲ್ಲ ಬೋರ್ಡೂ ಇಲ್ಲ, ಅದನ್ನು ದಾಟಿ ಬಂದವನು ಎದುರಿನ ಕಾರಿಗೆ ಹೇಳುವ ಸನ್ನೆಯೂ ಉಂಟು: ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈ ಕೆಳಗೆ ಮಾಡಿ ಎರಡು ಸಲ ಗಾಳಿಯನ್ನು ತಟ್ಟುದು. ನಿಧಾನ, ಮುಂದೆ ಉಂಟು. ಲಾರಿಯವರಿಂದ ಕಲಿತದ್ದು ಇದು, ಅವರಿಗೆ ಅದೇ ಸನ್ನೆಗೆ ಹೊಂಡ ಅಂತಲೂ ಅರ್ಥ, ಚೆಕಿಂಗ್ ಅಂತಲೂ ಅರ್ಥ, ಯಾವುದಾದ್ರೂ ನಿಧಾನ ಮಾಡಿದ್ರೆ ನಷ್ಟ ಇಲ್ಲ.

ಕಾರು ಕೆಟ್ಟು ನಿಂತ್ರೆ ನಿಲ್ಲಿಸ್ಲೇಬೇಕು. ಇದೊಂದರಲ್ಲಿ ಮಾತ್ರ ನಾನು ಕಟ್ಟುನಿಟ್ಟು, ಮದುವೆಗೆ ಹೋಗ್ತಿದ್ರೂ ಸರಿ, ಮುಹೂರ್ತ ತಪ್ಪಿದ್ರೂ ಊಟ ಇರ್ತದೆ. ಸ್ವಲ್ಪ ಹಿಂದೆ ನಿಲ್ಲಿಸಿ, ಹಜಾರ್ಡ್ ಹಾಕಿ, ಇಳಿದು ಹೋಗಿ "ಎಂತಾದ್ರೂ ಬೇಕಾ?" ಅಂತ ಕೇಳುದು, ಬಾನೆಟ್ಟಿಗೆ ಕೈ ಹಾಕಿ ಡಾಕ್ಟರ್ ಆಗುದಲ್ಲ. ಇಂಥ ಬಹಳಷ್ಟು ಕಾರಲ್ಲಿ ಸ್ಪೇರ್ ಟೈರೇ ಇರುದಿಲ್ಲ, ಒಂದು ಡಬ್ಬಿ ಅಂಟು ಮತ್ತೆ ಸಣ್ಣ ಪಂಪ್ ಕೊಟ್ಟಿರ್ತಾರೆ, ಟೈರ್ ಬದಿ ಹರಿದ್ರೆ ಆ ಅಂಟಿಂದ ಎಂತ ಪ್ರಯೋಜನವೂ ಇಲ್ಲ. ಜನ ಸೇರ್ತಾರೆ, ಒಬ್ಬರು ಹಗ್ಗ ತರ್ತಾರೆ, ಒಬ್ಬರು ಪಿಕಪ್ ತರ್ತಾರೆ, ನಮ್ಮ ಊರಿನವರ ಒಳ್ಳೇತನ ಅದು, ಆದ್ರೆ ಹಿಂದಿನ ಚಕ್ರಕ್ಕೆ ಪವರ್ ಹೋಗುವ ಆಟೋಮ್ಯಾಟಿಕ್ ಕಾರನ್ನು ಹಿಂದಿನ ಚಕ್ರ ನೆಲದಲ್ಲಿ ಉರುಳಿಸ್ಕೊಂಡು ಎಳೆದ್ರೆ ಗೇರ್‌ಬಾಕ್ಸ್ ಹೋಗ್ತದೆ, ಇಂಜಿನ್ ಬಂದ್ ಇರುವಾಗ ಒಳಗೆ ಆಯಿಲ್ ತಿರುಗುದಿಲ್ಲ. ಇಡೀ ಕಾರನ್ನು ಮೇಲೆ ಹೊತ್ತುಕೊಂಡು ಹೋಗುವ ಫ್ಲ್ಯಾಟ್‌ಬೆಡ್ ಲಾರಿ ಬರ್ಲೇಬೇಕು. ಹತ್ತು ಜನ ಅಣ್ಣಂದಿರು "ಎಳೆದು ಬಿಡುವ" ಅನ್ನುವಾಗ ಮಾಲೀಕನೊಬ್ಬನೇ ಬೇಡ ಅಂದ್ರೆ ಯಾರೂ ಕೇಳುದಿಲ್ಲ, ಅದೇ ಕಾರಿನ ಇನ್ನೊಬ್ಬ ಪಕ್ಕ ನಿಂತು ಬೇಡ ಅಂದ್ರೆ ಕೇಳ್ತಾರೆ. ಚಾರ್ಮಾಡಿಯಲ್ಲಿ ಕೆಲವು ತಿರುವಲ್ಲಿ ನೆಟ್‌ವರ್ಕ್ ಇಲ್ಲ. ಅಲ್ಲಿ ನಿಂತವನ ಮನೆಯ ನಂಬರ್ ಬರ್ಕೊಂಡು ಮೇಲೆ ಕೊಟ್ಟಿಗೆಹಾರದಲ್ಲೋ ಕೆಳಗೆ ಉಜಿರೆಯಲ್ಲೋ ಸಿಗ್ನಲ್ ಸಿಕ್ಕಿದ ಕೂಡ್ಲೇ ಫೋನ್ ಮಾಡುದೇ ದೊಡ್ಡ ಉಪಕಾರ.

ಭಾನುವಾರ ಬೆಳಿಗ್ಗೆ ಗುಂಪಾಗಿ ಹೋಗುದರ ಬಗ್ಗೆ ಜಾಸ್ತಿ ಹೇಳುದಿಲ್ಲ, ನನಗೆ ಅಷ್ಟು ಇಷ್ಟ ಇಲ್ಲ. ಹೋಗುವವರು ಮಧ್ಯೆ ಬೇರೆ ಗಾಡಿ ನುಗ್ಗಲಿಕ್ಕೆ ಜಾಗ ಬಿಡಿ, ಘಾಟಿಯಲ್ಲಿ ಏರುವ ಗಾಡಿಗೆ ಮೊದಲ ಹಕ್ಕು ಅನ್ನುದು ಕಾನೂನಲ್ಲೂ ಉಂಟು, ನೆನಪಿಡಿ. ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯದ ಒಳಗಿಂದ ಹೋಗುದು, ಸಿಂಗಳೀಕಗಳ ಮನೆ ಅದು, ಅಲ್ಲಿ ಎಕ್ಸಾಸ್ಟ್ ಸೌಂಡ್ ಪ್ರತಿಧ್ವನಿ ಬರ್ತದೆ ಅಂತ ಖುಷಿ ಪಡುವವರಿದ್ದಾರೆ, ಅವರಿಗೆ ನನ್ನ ಬೆರಳು ಏಳುದಿಲ್ಲ. ಮರವಂತೆಯಲ್ಲಿ ಒಂದು ಬದಿ ಸಮುದ್ರ ಒಂದು ಬದಿ ಸೌಪರ್ಣಿಕಾ ಅಂತ ನಾಲ್ಕು ಕಾರು ಅಡ್ಡ ನಿಲ್ಲಿಸಿ ಫೋಟೋ ಸೆಷನ್ ಮಾಡುದು, ಹಿಂದಿಂದ ಆಂಬುಲೆನ್ಸ್ ಬರುದು, ಇದೂ ಬೇಡ. ಒಂದು ಕಾರಿನವ ಮಾಡಿದ್ದಕ್ಕೆ ಊರವರು ಬೈಯುದು ಆ ಕಾರಿನ ಎಲ್ಲರಿಗೂ. ಬೆಳಿಗ್ಗೆ ಐದು ಗಂಟೆಗೆ ಕದ್ರಿಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ವಿ8 ಸ್ಟಾರ್ಟ್ ಮಾಡಿದ್ರೆ ಮೂರನೇ ಮಾಳಿಗೆಯ ಅಜ್ಜಿ ಏಳ್ತಾರೆ, ಅವರಿಗೆ ನಿಮ್ಮ ಫ್ರೆಂಡ್‌ಶಿಪ್ಪಿಂದ ಎಂತ ಆಗ್ಬೇಕು?

ಮದುವೆ ಕಾರಿನದ್ದೊಂದು ಉಪನಿಯಮ ಉಂಟು. ನಮ್ಮಲ್ಲಿ ಇಂಥ ಕಾರಿಟ್ಟವನಿಗೆ "ಮದುಮಗನನ್ನು ಕರ್ಕೊಂಡು ಬರ್ಲಿಕ್ಕೆ ಒಂದು ದಿನ ಕೊಡ್ತೀರಾ" ಅಂತ ಕೇಳದ ನೆಂಟರಿಲ್ಲ. ಬಾನೆಟ್ ಮೇಲೆ ಹೂವು ಅಂಟಿಸಿದ ಕಾರು ಎದುರು ಬಂದ್ರೆ ಡ್ರೈವರಿನ ಮುಖ ನೋಡಿ. ಸೆಲ್ಲೋಟೇಪ್ ಪೇಂಟಿಗೆ ಅಂಟಿದ ಚಿಂತೆಯಲ್ಲಿ ಇರ್ತಾನೆ ಪಾಪ. ಅವನಿಗೆ ಬೆರಳು ಸಾಲುದಿಲ್ಲ, ತಲೆಯೂ ಅಲ್ಲಾಡಿಸಿ.

ಇನ್ನು ಕೈ ಎತ್ತಿದ್ರೂ ಎತ್ತದೆ ಹೋದವನ ಬಗ್ಗೆ. ಹೊಸಬರಿಗೆ ಇದು ಭಾರೀ ಮನಸ್ಸಿಗೆ ತಾಗ್ತದೆ, "ಜಂಭ ಅವನಿಗೆ" ಅಂತಾರೆ. ಬಿಸಿಲು ಗ್ಲಾಸಿಗೆ ಹೊಡೀತಿತ್ತಾ, ಫೋನಲ್ಲಿ ಮನೆಯಿಂದ ಬೈಗುಳ ತಿಂತಿದ್ದನಾ, ಮೊನ್ನೆ ತಾನೆ ಕಾರು ತಕ್ಕೊಂಡು ಈ ಪದ್ಧತಿಯೇ ಗೊತ್ತಿಲ್ವಾ, ನಿಮಗೆ ಗೊತ್ತಾಗುದಿಲ್ಲ. ಗೊತ್ತಾಗ್ಬೇಕು ಅಂತಲೂ ಇಲ್ಲ. ವಾಪಸ್ ಬರ್ಲೇಬೇಕು ಅಂತ ಲೆಕ್ಕ ಇಟ್ಟು ಎತ್ತುದಾದ್ರೆ ಅದೂ ಒಂದು ಪರೀಕ್ಷೆಯೇ ಆಯ್ತಲ್ಲ. ಎತ್ತಿದ್ದು ಎತ್ತಿ ಆಯ್ತು, ಮುಂದೆ ಹೆಜಮಾಡಿ ಟೋಲ್ ಬರ್ತದೆ, ಫಾಸ್ಟ್ಯಾಗಲ್ಲಿ ದುಡ್ಡುಂಟಾ ನೋಡಿ.

ಮತ್ತೆ ಒಂದು ಜಾತಿಯವರಿದ್ದಾರೆ, ಕಾರು ಮಾರಿದವರು. ಮಗಳ ಮೆಡಿಕಲ್ ಸೀಟಿಗೆ ಅಂತಲೋ, ಬೆನ್ನು ನೋವು ಅಂತಲೋ, ಬಿಡಿಭಾಗ ಹುಡುಕಿ ಸಾಕಾಯ್ತು ಅಂತಲೋ ಕೊಟ್ಟು ಇನ್ನೋವಾ ತಕ್ಕೊಂಡಿರ್ತಾರೆ, ಆದ್ರೆ ಬೆರಳಿಗೆ ಅದು ಗೊತ್ತಿಲ್ಲ, ಮಸ್ಟಾಂಗ್ ಕಂಡ ಕೂಡ್ಲೇ ಅಭ್ಯಾಸದಲ್ಲಿ ಏಳ್ತದೆ. ಎದುರಿನವ ಇನ್ನೋವಾದಿಂದ ಯಾರಪ್ಪ ಕೈ ಎತ್ತಿದ್ದು ಅಂತ ಕಟಪಾಡಿವರೆಗೆ ಯೋಚನೆ ಮಾಡ್ತಾನೆ. ಯೋಚನೆ ಬೇಡ, ಸಾಯಂಕಾಲದ ಹೊತ್ತಿಗೆ ಕಾಪು ಹತ್ರ ಯಾವುದಾದ್ರೂ ಬಿಳಿ ಇನ್ನೋವಾದಲ್ಲಿ ಸ್ಟೇರಿಂಗ್ ಮೇಲೆ ನಾಲ್ಕು ಬೆರಳು ಎದ್ದದ್ದು ಕಂಡ್ರೆ ನೀವೂ ಎತ್ತಿ, ಟೈರ್ ಎಲ್ಲಿ ಸಿಗ್ತದೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರ್ತದೆ.